ಪಶ್ಚಿಮದ ಕಿಟಕಿಗೆ ಲೋ-ಇ ಗಾಜು: ಕೊಟ್ಟ ದುಡ್ಡಿಗೆ ತಕ್ಕ ತಂಪು ಸಿಗುತ್ತದಾ?

ಶಶಿ_ಹೊಸಮನೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ರಾಜರಾಜೇಶ್ವರಿ ನಗರದಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮೇಲಿನ ಮಹಡಿಯ ಮೋಲ್ಡ್ ಮುಗಿದಿದೆ, ಒಳಗೆ ಪ್ಲಾಸ್ಟರಿಂಗ್ ನಡೆಯುತ್ತಿದೆ. ರಸ್ತೆ ಇರುವುದು ಪಶ್ಚಿಮಕ್ಕೆ, ಹಾಗಾಗಿ ಹಾಲ್ ಕೂಡ ಆ ಕಡೆಗೇ. ಅಲ್ಲಿ 8 ಅಡಿ ಅಗಲ, 6 ಅಡಿ ಎತ್ತರದ ಕಿಟಕಿಗೆ ಜಾಗ ಬಿಟ್ಟಿದ್ದೇವೆ. ಮೇಲೆ ಎರಡಡಿ ಸಜ್ಜ ಇದೆ.

ಈಗ ಗಾಜಿನ ವಿಷಯದಲ್ಲಿ ತಲೆ ಕೆಟ್ಟಿದೆ. ಒಬ್ಬ ಫ್ಯಾಬ್ರಿಕೇಟರ್ "ಡಬಲ್ ಗ್ಲಾಸ್ ಹಾಕಿಸಿ ಮೇಡಂ, ಎಸಿನೇ ಬೇಡ" ಅನ್ನುತ್ತಾರೆ. ಇನ್ನೊಬ್ಬರು ನೀಲಿ ರಿಫ್ಲೆಕ್ಟಿವ್ ಸಾಕು ಅನ್ನುತ್ತಾರೆ. ಮೂರನೆಯವರು ಲೋ-ಇ (ಶಾಖ ತಡೆಯುವ ತೆಳು ಲೇಪನದ ಗಾಜು) ಅಂತ ಒಂದು ತುಂಡು ತೋರಿಸಿದರು. ನೋಡಲು ಸಾದಾ ಗಾಜಿನ ಹಾಗೇ ಇತ್ತು, ರೇಟು ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ನಮ್ಮ ಮಾವನವರು ಸಾದಾ ಗಾಜು ಹಾಕಿಸಿ ದಪ್ಪ ಪರದೆ ಬಿಟ್ಟರೆ ಆಯಿತು ಅನ್ನುತ್ತಾರೆ. ಮಗಳು ಓದಲು ಕೂರುವುದು ಅಲ್ಲೇ. ಕತ್ತಲೆ ಕೋಣೆಯೂ ಬೇಡ.

2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿತ್ತಲ್ಲ, ಆಗ ಈಗಿನ ಬಾಡಿಗೆ ಮನೆಯ ಪಶ್ಚಿಮದ ರೂಮಿನಲ್ಲಿ ಮಲಗಲು ಆಗುತ್ತಿರಲಿಲ್ಲ. ಆ ಕಷ್ಟ ಹೊಸ ಮನೆಯಲ್ಲೂ ಬೇಡ ಅಂತ ಕೇಳುತ್ತಿದ್ದೇನೆ. ಈ ಲೇಪನದ ಗಾಜು ನಿಜಕ್ಕೂ ಕೆಲಸ ಮಾಡುತ್ತದಾ? ಬಳಸಿದವರು, ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಬಿಸಿಲೂರು (ರಾಯಚೂರು)

ಮೇಡಂ, ಗಾಜಿಗಿಂತ ಮೊದಲು ಆರ್‌ಸಿಸಿ ಮಾಳಿಗೆಗೆ ಏನು ಮಾಡಿದ್ದೀರಿ ಹೇಳಿ. ನಮ್ಮ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ಮಾಮೂಲು. ಮೇಲಿನ ಮಹಡಿಗೆ ಶಾಖ ಜಾಸ್ತಿ ಬರುವುದು ಮಾಳಿಗೆಯಿಂದ. ಬಿಳಿ ಬಣ್ಣ ಬಳಿಸಿ, ಇಲ್ಲವೇ ಬಿಳಿ ಟೈಲ್ಸ್ ಹಾಕಿಸಿ. ಕಿಟಕಿಗೆ ಹೊರಗಡೆಯಿಂದ ಬಿದಿರಿನ ಚಿಕ್ (ಕಡ್ಡಿ ಪರದೆ) ಇಳಿಬಿಡಿ. ನಮ್ಮ ಮನೆಯಲ್ಲಿ ಇದನ್ನೇ ಮಾಡಿದ್ದೇವೆ, ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇದೆ. ಗಾಜಿಗೆ ಅಷ್ಟು ದುಡ್ಡು ಸುರಿಯುವುದು ಸುಮ್ನೆ ದಂಡ ಅನ್ನುವುದು ನನ್ನ ಅಭಿಪ್ರಾಯ.

ಗಾಜಿನ_ಕೆಲಸದವ (ಹುಬ್ಬಳ್ಳಿ)

ಶಶಿ ಮೇಡಂ, ನಾನು ಗಾಜು ಕತ್ತರಿಸುವ, ಟಫನ್ ಮಾಡುವ (ಕಾಯಿಸಿ ಗಟ್ಟಿ ಮಾಡುವ) ಕೆಲಸದಲ್ಲೇ ಇದ್ದೇನೆ. ಆ ಮೂವರೂ ಮೂರು ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿದ್ದಾರೆ. ಅದನ್ನು ಮೊದಲು ಬಿಡಿಸಿಕೊಳ್ಳೋಣ.

ಡಬಲ್ ಗ್ಲೇಜ್ಡ್ ಅಂದರೆ ಎರಡು ಗಾಜು, ನಡುವೆ ಸಾಮಾನ್ಯವಾಗಿ 12 ಮಿ.ಮೀ. ಒಣ ಗಾಳಿ, ಸುತ್ತ ಸೀಲ್. ಅಷ್ಟೇ. ಎರಡೂ ಸಾದಾ ಗಾಜಾದರೆ ಬಿಸಿಲು ಸೀದಾ ಒಳಗೆ ಬರುತ್ತದೆ. 6 ಮಿ.ಮೀ. ಸಾದಾ ಒಂಟಿ ಗಾಜು ಬಿಸಿಲಿನ ಶಾಖದಲ್ಲಿ ನೂರಕ್ಕೆ 82ರಷ್ಟನ್ನು ಒಳಗೆ ಬಿಡುತ್ತದೆ. ಸಾದಾ ಡಬಲ್ ಹಾಕಿದರೂ 70ರಷ್ಟು ಬರುತ್ತದೆ. "ಎಸಿನೇ ಬೇಡ" ಅನ್ನುವ ಮಾತು ಅಲ್ಲಿಗೇ ಬಿದ್ದುಹೋಯಿತು.

ಬಣ್ಣದ ಗಾಜು, ಅಂದರೆ ನೀಲಿ, ಹಸಿರು, ಕಂದು. ಇದು ಬಿಸಿಲನ್ನು ತಾನೇ ಹೀರಿಕೊಂಡು ಕಾಯುತ್ತದೆ. ಕಾದ ಮೇಲೆ ಅದರಲ್ಲಿ ಒಂದು ಪಾಲು ಒಳಕ್ಕೇ ಬಿಡುತ್ತದೆ. ಸಂಜೆ ಅಂಥ ಕಿಟಕಿಯ ಪಕ್ಕ ಕೂತರೆ ಮುಖಕ್ಕೆ ಝಳ ಹೊಡೆಯುವುದು ಇದಕ್ಕೇ.

ರಿಫ್ಲೆಕ್ಟಿವ್ ಗಾಜು ಬಿಸಿಲನ್ನು ಹೊರಗೆ ತಿರುಗಿಸುತ್ತದೆ ನಿಜ. ಆದರೆ ಬೆಳಕನ್ನೂ ಜೊತೆಗೇ ತಿರುಗಿಸಿಬಿಡುತ್ತದೆ. ಹಗಲು ಹೊರಗಿನವರಿಗೆ ಒಳಗೆ ಕಾಣುವುದಿಲ್ಲ. ರಾತ್ರಿ ನೀವು ಲೈಟ್ ಹಾಕಿದ ಕೂಡಲೇ ಉಲ್ಟಾ, ರಸ್ತೆಯವರಿಗೆ ನಿಮ್ಮ ಹಾಲ್ ಪೂರ್ತಿ ಕಾಣುತ್ತದೆ, ನಿಮಗೆ ನಿಮ್ಮ ಮುಖವೇ ಕಾಣುತ್ತದೆ. ಮನೆಗೆ ಹಾಕುವವರು ಇದನ್ನು ಯೋಚಿಸಬೇಕು.

ಇನ್ನು ಲೋ-ಇ. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಒಳ್ಳೆಯ ಲೇಪನ ಆ ಅರ್ಧವನ್ನು ತಡೆದು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಲೇಪನದಲ್ಲಿರುವುದು ಬೆಳ್ಳಿ. ಒಂದೊಂದು ಪದರ ಸುಮಾರು 10 ನ್ಯಾನೋಮೀಟರ್, ತಲೆಕೂದಲಿನ ದಪ್ಪದಲ್ಲಿ ಕೆಲವು ಸಾವಿರದ ಒಂದು ಪಾಲು. ನಿರ್ವಾತ ಕೊಠಡಿಯಲ್ಲಿ ಬೆಳ್ಳಿಯ ಕಣಗಳನ್ನು ಗಾಜಿನ ಮೇಲೆ ಕೂರಿಸುತ್ತಾರೆ. ಒಂದು, ಎರಡು, ಮೂರು ಬೆಳ್ಳಿ ಪದರದ ಗಾಜುಗಳಿವೆ. ಪದರ ಹೆಚ್ಚಿದಷ್ಟೂ ಬೆಳಕಿನಿಂದ ಶಾಖವನ್ನು ಬೇರೆ ಮಾಡುವ ಕೆಲಸ ಚೆನ್ನಾಗಿ ಆಗುತ್ತದೆ. ಇದಕ್ಕೆ ಸಾಫ್ಟ್ ಕೋಟ್ ಅನ್ನುತ್ತೇವೆ. ತೇವ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ, ಆದ್ದರಿಂದ ಡಬಲ್ ಗ್ಲಾಸಿನ ಒಳಮೈಯಲ್ಲಿ ಸೀಲ್ ಆಗಿಯೇ ಇರಬೇಕು.

ಹಾರ್ಡ್ ಕೋಟ್ ಬೇರೆ. ಗಾಜು ತಯಾರಾಗುವಾಗ, ಇನ್ನೂ ಕೆಂಪಗೆ ಕಾದಿರುವಾಗಲೇ ತವರದ ಆಕ್ಸೈಡ್ ಲೇಪಿಸುತ್ತಾರೆ. ಅದು ಗಾಜಿಗೇ ಕಚ್ಚಿಕೊಳ್ಳುತ್ತದೆ, ಗಟ್ಟಿ, ಒಂಟಿ ಗಾಜಾಗಿಯೂ ಹಾಕಬಹುದು. ಇಲ್ಲಿ ಒಂದು ಮಾತು ಗಮನದಲ್ಲಿಡಿ: ಬಣ್ಣವಿಲ್ಲದ ಮಾಮೂಲಿ ಹಾರ್ಡ್ ಕೋಟ್ ಲೋ-ಇ ಬಿಸಿಲನ್ನು ಅಷ್ಟಾಗಿ ತಡೆಯುವುದೇ ಇಲ್ಲ. ಅದನ್ನು ಮಾಡಿರುವುದು ಚಳಿ ದೇಶದಲ್ಲಿ ಮನೆಯೊಳಗಿನ ಬಿಸಿ ಹೊರಗೆ ಹೋಗದಿರಲಿ ಅಂತ. ಅಂಗಡಿಯವರು ಲೋ-ಇ ಅಂದದ್ದು ಸುಳ್ಳಲ್ಲ, ಆದರೆ ನಿಮ್ಮ ಪಶ್ಚಿಮದ ಬಿಸಿಲಿಗೆ ಅದು ಮದ್ದಲ್ಲ.

ಹಾಗಾಗಿ ಹೆಸರು ಕೇಳಬೇಡಿ, ನಂಬರ್ ಕೇಳಿ. ಎಸ್‌ಎಚ್‌ಜಿಸಿ (ಬಿಸಿಲಿನ ಶಾಖದಲ್ಲಿ ಒಳಗೆ ಬರುವ ಪಾಲು) ಎಷ್ಟು? ಅದು 0.82 ಅಂದರೆ ನೂರರಲ್ಲಿ 82 ಪಾಲು ಶಾಖ ಒಳಗೆ. 0.30 ಅಂದರೆ 30 ಪಾಲು. ವಿಎಲ್‌ಟಿ ಎಷ್ಟು? ಅದು ನೂರಕ್ಕೆ ಎಷ್ಟು ಬೆಳಕು ಒಳಗೆ ಬರುತ್ತದೆ ಅನ್ನುವುದು. ಯು ವ್ಯಾಲ್ಯೂ ಎಷ್ಟು? ಅದು ಒಳಗಿನ ಹೊರಗಿನ ಉಷ್ಣಾಂಶದ ವ್ಯತ್ಯಾಸದಿಂದ ಗಾಜಿನ ಮೂಲಕ ಹಾಯುವ ಶಾಖ. ಈ ಮೂರನ್ನೂ ಕಂಪನಿಯ ಡೇಟಾ ಶೀಟ್‌ನಲ್ಲಿ ಬರೆದಿರುತ್ತಾರೆ. ಕೊಡದ ಅಂಗಡಿಯಲ್ಲಿ ಲೇಪನದ ಗಾಜು ಕೊಳ್ಳಲೇಬೇಡಿ.

ನಕ್ಷೆಮನೆ (ಮೈಸೂರು)

ಹುಬ್ಬಳ್ಳಿ ಸರ್ ಹೇಳಿದ್ದಕ್ಕೆ ನಾನು ಲೆಕ್ಕ ಸೇರಿಸುತ್ತೇನೆ. ನಾನು ಆರ್ಕಿಟೆಕ್ಟ್, ಮನೆಗಳನ್ನೇ ಜಾಸ್ತಿ ಮಾಡುವುದು.

ನಿಮ್ಮ ಕಿಟಕಿ 48 ಚದರ ಅಡಿ, ಸುಮಾರು 4.5 ಚದರ ಮೀಟರ್. ಏಪ್ರಿಲ್ ಸಂಜೆ ಪಶ್ಚಿಮದ ಗೋಡೆಯ ಮೇಲೆ ಪ್ರತಿ ಚದರ ಮೀಟರಿಗೆ 600 ವಾಟ್ ಬಿಸಿಲು ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಸಾದಾ ಗಾಜಾದರೆ ಅದರಲ್ಲಿ ಸುಮಾರು 2,200 ವಾಟ್ ಒಳಗೆ. ಎಸ್‌ಎಚ್‌ಜಿಸಿ 0.30 ಇರುವ ಗಾಜಾದರೆ ಸುಮಾರು 800. ಉಳಿತಾಯ 1,400 ವಾಟ್. ಒಂದು ಟನ್ ಎಸಿ ತೆಗೆಯುವ ಶಾಖ ಸುಮಾರು 3,500 ವಾಟ್. ಅಂದರೆ ಆ ಹೊತ್ತಿನಲ್ಲಿ ಸುಮಾರು 0.4 ಟನ್‌ನಷ್ಟು ಎಸಿ ಕಡಿಮೆ ಸಾಕು.

ಈಗ ಯು ವ್ಯಾಲ್ಯೂ ಕಡೆ ನೋಡಿ. ಹೊರಗೆ 36, ಒಳಗೆ 26 ಇದ್ದರೆ ಸಾದಾ ಒಂಟಿ ಗಾಜಿನಲ್ಲಿ (ಯು ಸುಮಾರು 5.7) ಹಾಯುವುದು 250 ವಾಟ್ ಆಸುಪಾಸು. ಒಳ್ಳೆಯ ಡಬಲ್ ಲೋ-ಇ (ಯು 1.8) ಹಾಕಿದರೆ 80. ಉಳಿತಾಯ 170 ವಾಟ್ ಮಾತ್ರ. 1,400 ಎಲ್ಲಿ, 170 ಎಲ್ಲಿ! ನಮ್ಮ ಹವೆಗೆ ಬಿಸಿಲನ್ನು ತಡೆಯುವುದೇ ಮುಖ್ಯ ಅನ್ನುವುದು ಇದಕ್ಕೇ. ಕಿಟಕಿ ಮಾರುವವರು ಮಾತ್ರ ಯು ವ್ಯಾಲ್ಯೂವನ್ನೇ ದೊಡ್ಡದಾಗಿ ಹೇಳುತ್ತಾರೆ. ಅದು ನನಗೆ ನಿಜವಾಗಿಯೂ ಬೇಸರದ ವಿಷಯ, ಮನೆ ಕಟ್ಟುವವರ ದುಡ್ಡು ತಪ್ಪು ಕಡೆ ಹೋಗುತ್ತದೆ.

ಸಜ್ಜದ ವಿಷಯ. ಏಪ್ರಿಲ್ ಕೊನೆಯಲ್ಲಿ ಸಂಜೆ ನಾಲ್ಕೂವರೆಗೆ ಬೆಂಗಳೂರಿನಲ್ಲಿ ಸೂರ್ಯ ಇರುವುದು ನೆಲದಿಂದ 30 ಡಿಗ್ರಿ ಎತ್ತರದಲ್ಲಿ. ಆಗ ನಿಮ್ಮ ಎರಡಡಿ ಸಜ್ಜ ಕೊಡುವ ನೆರಳು ಬರೀ ಒಂದಡಿ ಚಿಲ್ಲರೆ. ಆರಡಿ ಕಿಟಕಿಯಲ್ಲಿ ಉಳಿದ ಸುಮಾರು ಐದಡಿ ಬಿಸಿಲಿಗೆ ಒಡ್ಡಿದ ಹಾಗೇ. ಪಶ್ಚಿಮ, ಪೂರ್ವದ ಕಿಟಕಿಗೆ ಸಜ್ಜ ಮಳೆಗೆ ಆಗುತ್ತದೆ, ಬಿಸಿಲಿಗೆ ಆಗುವುದಿಲ್ಲ. ದಕ್ಷಿಣದ ಕಿಟಕಿ ಹಾಗಲ್ಲ. ಡಿಸೆಂಬರ್ ಮಧ್ಯಾಹ್ನವೂ ಸೂರ್ಯ 53 ಡಿಗ್ರಿ ಮೇಲೆ ಇರುತ್ತಾನೆ, ಅದೇ ಎರಡಡಿ ಸಜ್ಜ ಎರಡೂವರೆ ಅಡಿಗಿಂತ ಜಾಸ್ತಿ ನೆರಳು ಕೊಡುತ್ತದೆ.

ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಅಂತ ಹಲವರು ನಂಬಿದ್ದಾರೆ. ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ (ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ) ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಒಮ್ಮೆ ಬರುತ್ತದೆ. ಆ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆಯಾಗಿ ಬಿಸಿಲು ಬೀಳುತ್ತದೆ. ಅಲ್ಲಿಗೆ ದುಬಾರಿ ಗಾಜು ಬೇಕಿಲ್ಲ, ಪಕ್ಕದಲ್ಲಿ ಒಂದು ಲಂಬ ಫಿನ್ (ಗೋಡೆಯಿಂದ ಹೊರಚಾಚಿದ ನೆಟ್ಟಗಿನ ಪಟ್ಟಿ) ಇದ್ದರೆ ಸಾಕು.

ಒಟ್ಟಿನಲ್ಲಿ ನಿಮ್ಮ ಇಡೀ ಮನೆಗೆ ಲೇಪನದ ಗಾಜು ಬೇಡ. ಪಶ್ಚಿಮದ ಆ ಒಂದು ದೊಡ್ಡ ಕಿಟಕಿಗೆ ಮಾತ್ರ ಯೋಚಿಸಿ.

ಬಿಸಿಲೂರು (ರಾಯಚೂರು)

ಮೈಸೂರು ಸರ್, ಲೆಕ್ಕ ಒಪ್ಪಿದೆ. ಆದರೆ ನಿಮ್ಮ ಲೆಕ್ಕದಲ್ಲಿ ಕಿಟಕಿ ಮುಚ್ಚಿದೆ ಅಲ್ವಾ? ಬೆಂಗಳೂರಿನಲ್ಲಿ ಸಂಜೆ ಗಾಳಿಗೆ ಕಿಟಕಿ ತೆಗೆಯದವರು ಯಾರು? ತೆಗೆದ ಕಿಟಕಿಯಲ್ಲಿ ಗಾಜಿಗೆ ಏನು ಕೆಲಸ? ಚಿಕ್ ಆದರೆ ಕಿಟಕಿ ತೆಗೆದಿದ್ದರೂ ಬಿಸಿಲು ತಡೆಯುತ್ತದೆ. ಅದೂ ಗಾಜಿನ ಹೊರಗೇ.

ನಕ್ಷೆಮನೆ (ಮೈಸೂರು)

ಒಳ್ಳೆಯ ಪ್ರಶ್ನೆ ಸರ್, ಇಡೀ ಚರ್ಚೆಯಲ್ಲಿ ಇದೇ ಮುಖ್ಯ. ಹೊರಗಿನ ನೆರಳಿಗೆ ಸಮ ಯಾವುದೂ ಇಲ್ಲ. ಗಾಜು ದಾಟಿ ಬಂದ ಬಿಸಿಲು ಒಳಗಿನ ಪರದೆಗೆ ತಾಗಿದರೆ ಪರದೆ ಕಾಯುತ್ತದೆ, ಆ ಶಾಖ ರೂಮಿನಲ್ಲೇ ಉಳಿಯುತ್ತದೆ. ಶಶಿ ಮೇಡಂ ಮಾವನವರಿಗೆ ಇದನ್ನು ಹೇಳಿ. ದಪ್ಪ ಕಡು ಬಣ್ಣದ ಪರದೆ ಬೆಳಕು ತಡೆಯುತ್ತದೆ, ಶಾಖ ಅಷ್ಟಾಗಿ ತಡೆಯುವುದಿಲ್ಲ. ಗಾಜಿನ ಕಡೆಗೆ ಬಿಳಿ ಲೈನಿಂಗ್ ಇದ್ದರೆ ಸ್ವಲ್ಪ ಬಿಸಿಲನ್ನು ವಾಪಸ್ ಹೊರಗೆ ಕಳಿಸುತ್ತದೆ, ಅಷ್ಟು ಪ್ರಯೋಜನ ಇದೆ.

ನಾನು ಗಿರಾಕಿಗಳಿಗೆ ಕೇಳುವುದು ಒಂದೇ. ಮಧ್ಯಾಹ್ನ ಮೂರರಿಂದ ಆರರವರೆಗೆ ಆ ಕಿಟಕಿ ಮುಚ್ಚಿರುತ್ತದೋ, ತೆಗೆದಿರುತ್ತದೋ? ಧೂಳು, ಗದ್ದಲ, ಎಸಿ, ಸೊಳ್ಳೆ ಯಾವುದೇ ಕಾರಣಕ್ಕೆ ಮುಚ್ಚಿರುತ್ತದೆ ಅಂದರೆ ಲೇಪನದ ಗಾಜು ದುಡಿಯುತ್ತದೆ. ತೆಗೆದಿರುತ್ತದೆ ಅಂದರೆ ಹೊರಗೆ ಚಿಕ್, ಲೂವರ್, ಜಾಲಿ, ಮರ ಏನಾದರೂ ನೋಡಿ.

ಮನೆಗಳಿಗಾಗಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಇಕೋ ನಿವಾಸ ಸಂಹಿತೆ ಹೊರತಂದಿತು. ಅದು ಗಾಜೊಂದನ್ನೇ ನೋಡುವುದಿಲ್ಲ. ಗೋಡೆ, ಗಾಜು, ನೆರಳು, ದಿಕ್ಕು ಎಲ್ಲ ಸೇರಿಸಿ ಹೊರಮೈಯಿಂದ ಒಳಬರುವ ಶಾಖ ಚದರ ಮೀಟರಿಗೆ 15 ವಾಟ್ ಮೀರಬಾರದು ಅನ್ನುತ್ತದೆ. ಮಾಳಿಗೆಗೆ ಬೇರೆಯೇ ಮಿತಿ ಇದೆ. ಕಿಟಕಿ ತೆರೆಯುವ ಜಾಗ ಇಷ್ಟಿರಲೇಬೇಕು ಅಂತಲೂ ಇದೆ. ಬೆಂಗಳೂರಿನಂಥ ಸಮಶೀತೋಷ್ಣ ಊರಿಗೆ ಅದು ನೆಲದ ವಿಸ್ತೀರ್ಣದ ನೂರಕ್ಕೆ 12.5. ನೆನಪಿಡಿ, ಸ್ಲೈಡಿಂಗ್ ಕಿಟಕಿಯಲ್ಲಿ ತೆರೆಯುವುದು ಅರ್ಧ ಮಾತ್ರ. ಬಾಗಿಲಿನ ಹಾಗೆ ತೆರೆಯುವ ಕಿಟಕಿ ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ, ಮುಚ್ಚಿದಾಗ ಬಿಗಿಯಾಗಿಯೂ ಕೂರುತ್ತದೆ.

ಹಿಮದೂರು (ಮಿನೆಸೋಟ, ಅಮೆರಿಕ)

ನಾನು ಶಿವಮೊಗ್ಗದವಳು, ಇಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. ನಮ್ಮ ತಮ್ಮ ಅಮೆರಿಕದ ವಿಡಿಯೋ ನೋಡಿ ಊರಿನ ಮನೆಗೆ ಮೂರು ಪದರದ ಗಾಜು ಹಾಕಿಸಲು ಹೊರಟಿದ್ದ. ಅವನನ್ನು ತಡೆದದ್ದಕ್ಕೆ ಇದನ್ನು ಬರೆಯಬೇಕು ಅನಿಸಿತು.

ಇಲ್ಲಿ ಜನವರಿಯಲ್ಲಿ ಮೈನಸ್ 25 ಡಿಗ್ರಿ ಆಗುತ್ತದೆ. ಒಳಗೆ 20. ವ್ಯತ್ಯಾಸ 45 ಡಿಗ್ರಿ. ಇಲ್ಲಿ ಯು ವ್ಯಾಲ್ಯೂ ಪ್ರಾಣ. ದಕ್ಷಿಣದ ಕಿಟಕಿಯಿಂದ ಚಳಿಗಾಲದ ಬಿಸಿಲು ಒಳಗೆ ಬರಲಿ ಅಂತ ಎಸ್‌ಎಚ್‌ಜಿಸಿ ಜಾಸ್ತಿ ಇರುವ ಗಾಜನ್ನೇ ಹುಡುಕಿ ಹಾಕಿಸಿದ್ದೇವೆ. ನಿಮಗೆ ಬೇಕಿರುವುದಕ್ಕೆ ಪೂರ್ತಿ ವಿರುದ್ಧ. ಎರಡೂ ಲೋ-ಇ ಗಾಜೇ, ಎರಡರ ಮೇಲೂ ಅದೇ ಹೆಸರು.

1973ರ ತೈಲ ಬಿಕ್ಕಟ್ಟಿನ ನಂತರ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಈ ಲೇಪನದ ಕಿಟಕಿಗಳ ಹಿಂದೆ ಬಿದ್ದರು. ಎಂಬತ್ತರ ದಶಕದ ಶುರುವಿನಲ್ಲಿ ಮಾರುಕಟ್ಟೆಗೆ ಬಂತು. ಆಗ ತಲೆಯಲ್ಲಿದ್ದದ್ದು ಹೀಟಿಂಗ್ ಬಿಲ್. ಬಿಸಿಲು ತಡೆಯುವ ಬಗೆಗಳು ಆಮೇಲೆ ಬೆಳೆದವು.

ಇನ್ನೊಂದು ಎಚ್ಚರಿಕೆ. ಇಲ್ಲಿನ ಲೇಬಲ್‌ನಲ್ಲಿ ಯು 0.30 ಅಂತ ಇದ್ದರೆ ಅದು ಬಿಟಿಯು (ಇಲ್ಲಿನ ಶಾಖದ ಅಳತೆ), ಚದರ ಅಡಿ, ಫ್ಯಾರನ್‌ಹೀಟ್ ಲೆಕ್ಕ. ಭಾರತದ ಲೆಕ್ಕಕ್ಕೆ 5.68ರಿಂದ ಗುಣಿಸಿ, 1.7 ಆಗುತ್ತದೆ. ಎಸ್‌ಎಚ್‌ಜಿಸಿಗೆ ಈ ತೊಂದರೆ ಇಲ್ಲ, ಎಲ್ಲ ಕಡೆ ಒಂದೇ.

ಕಡಲತಡಿ (ಮಂಗಳೂರು)

ಹಿಮದೂರು ಅಕ್ಕ, ತುಂಬ ಉಪಯೋಗ ಆಯಿತು. ನಮ್ಮ ಕಡೆಯದ್ದು ಮತ್ತೊಂದು ಕತೆ. ಮೇ ತಿಂಗಳಲ್ಲಿ ಬೆಡ್‌ರೂಮಿನ ಎಸಿ 22ಕ್ಕೆ ಇಟ್ಟರೆ ಬೆಳಿಗ್ಗೆ ಕಿಟಕಿಯ ಹೊರಮೈ ಪೂರ್ತಿ ಬೆವರಿರುತ್ತದೆ. ನೀರು ಇಳಿದು ಗೋಡೆಯ ಬಣ್ಣ ಹಾಳು. ಇದಕ್ಕೆ ಡಬಲ್ ಗ್ಲಾಸ್ ಪರಿಹಾರವಾ? ಉಪ್ಪು ಗಾಳಿಗೆ ಲೇಪನ ಉಳಿಯುತ್ತದಾ?

ಗಾಜಿನ_ಕೆಲಸದವ (ಹುಬ್ಬಳ್ಳಿ)

ಒಂಟಿ ಗಾಜು ಎಸಿಯಿಂದ ತಣ್ಣಗಾಗುತ್ತದೆ, ಹೊರಗಿನ ತೇವದ ಗಾಳಿ ಅದಕ್ಕೆ ತಾಗಿ ನೀರಾಗುತ್ತದೆ. ಡಬಲ್ ಹಾಕಿದರೆ ಹೊರಗಿನ ಗಾಜು ಅಷ್ಟು ತಣ್ಣಗಾಗುವುದಿಲ್ಲ, ಬೆವರು ಬಹಳ ಕಡಿಮೆ ಆಗುತ್ತದೆ. ಎಸಿಯನ್ನು 26ಕ್ಕೆ ಇಟ್ಟರೆ ಇನ್ನೂ ಕಡಿಮೆ.

ಉಪ್ಪು ಗಾಳಿ ಲೇಪನಕ್ಕೆ ತಾಗಬಾರದು, ತಾಗದ ಹಾಗೆ ತಡೆಯುವುದು ಸೀಲ್ ಮಾತ್ರ. ಎರಡು ಸೀಲ್ ಇರಬೇಕು. ಒಳಗಡೆ ಬ್ಯುಟೈಲ್, ಅದು ತೇವ ತಡೆಯುತ್ತದೆ. ಹೊರಗಡೆ ಪಾಲಿಸಲ್ಫೈಡ್ ಅಥವಾ ಸಿಲಿಕೋನ್, ಅದು ಎರಡು ಗಾಜನ್ನು ಹಿಡಿದಿಡುತ್ತದೆ. ಸ್ಪೇಸರ್ (ಎರಡು ಗಾಜಿನ ನಡುವೆ ಅಂಚಿನಲ್ಲಿರುವ ಪಟ್ಟಿ) ಒಳಗೆ ತೇವ ಹೀರುವ ಹರಳುಗಳು ತುಂಬಿರಬೇಕು. ಅಂಚಿನ ಸುತ್ತ ಲೇಪನವನ್ನು ಉಜ್ಜಿ ತೆಗೆದಿರಬೇಕು. ನಾವು ಎಡ್ಜ್ ಡಿಲೀಷನ್ ಅನ್ನುತ್ತೇವೆ. ಇದನ್ನು ಬಿಟ್ಟರೆ ಅಂಚಿನಿಂದ ಶುರುವಾಗಿ ಬೆಳ್ಳಿ ತುಕ್ಕಿನ ಹಾಗೆ ಒಳಗೆ ಹಬ್ಬುತ್ತದೆ. ಗಾಜುಗಳ ನಡುವೆ ಮಂಜು ಕಾಣಿಸಿದರೆ ಸೀಲ್ ಹೋಯಿತು ಅಂತ ಅರ್ಥ. ಅದನ್ನು ಒರೆಸಲು ಆಗುವುದಿಲ್ಲ, ಗಾಜನ್ನೇ ಬದಲಿಸಬೇಕು. ವಾರಂಟಿಯನ್ನು ಬಿಲ್ ಮೇಲೆ ಬರೆಸಿಕೊಳ್ಳಿ, ಬಾಯಿ ಮಾತು ಬೇಡ.

ಏಳನೇ_ಮಹಡಿ (ಬೆಂಗಳೂರು)

ಅಪಾರ್ಟ್‌ಮೆಂಟ್‌ನವರಿಗೆ ಏನು ದಾರಿ? ನಮ್ಮದು ಹೊರ ವರ್ತುಲ ರಸ್ತೆ ಪಕ್ಕ. ಪಶ್ಚಿಮದ ಬಿಸಿಲೂ ಇದೆ, ಲಾರಿ ಗದ್ದಲವೂ ಇದೆ. ಹೊರಗೆ ಚಿಕ್ ಹಾಕಲು ಅಸೋಸಿಯೇಷನ್ ಬಿಡುವುದಿಲ್ಲ. ಫಿಲ್ಮ್ ಅಂಟಿಸಿದರೆ ಆಗುತ್ತದಾ?

ಗಾಜಿನ_ಕೆಲಸದವ (ಹುಬ್ಬಳ್ಳಿ)

ಆಗುತ್ತದೆ ಸರ್. ಒಳ್ಳೆಯ ಸೋಲಾರ್ ಫಿಲ್ಮ್ ಶಾಖವನ್ನು ಚೆನ್ನಾಗಿಯೇ ಕಡಿಮೆ ಮಾಡುತ್ತದೆ, ಇದ್ದ ಗಾಜಿಗೆ ಅದೇ ಸುಲಭದ ದಾರಿ. ಆದರೆ ಗಾಜು ಟಫನ್ಡ್ ಹೌದೋ ಅಲ್ಲವೋ ಮೊದಲು ನೋಡಿ. ಮೂಲೆಯಲ್ಲಿ ಮುದ್ರೆ ಇರುತ್ತದೆ. ಟಫನ್ ಆಗದ ಗಾಜಿಗೆ ಶಾಖ ಹೀರುವ ಕಪ್ಪು ಫಿಲ್ಮ್ ಅಂಟಿಸಿದರೆ ನಡುಭಾಗ ಕಾಯುತ್ತದೆ, ಫ್ರೇಮಿನೊಳಗಿನ ಅಂಚು ತಣ್ಣಗೇ ಇರುತ್ತದೆ. ಆ ಎಳೆದಾಟಕ್ಕೆ ಅಂಚಿನಿಂದ ಬಿರುಕು ಬಿಡಬಹುದು. ಅರ್ಧ ಗಾಜಿಗೆ ನೆರಳು, ಅರ್ಧಕ್ಕೆ ಬಿಸಿಲು ಬೀಳುವ ಕಡೆ ಈ ಅಪಾಯ ಇನ್ನೂ ಜಾಸ್ತಿ. ಡಬಲ್ ಗ್ಲಾಸಿನ ಒಳಮೈಗೆ ಫಿಲ್ಮ್ ಅಂಟಿಸುವ ಮುಂಚೆ ಗಾಜು ಕೊಟ್ಟವರನ್ನು ಕೇಳಲೇಬೇಕು.

ಗದ್ದಲಕ್ಕೆ ಲ್ಯಾಮಿನೇಟೆಡ್ ಗಾಜು ಉತ್ತಮ. ಎರಡು ಗಾಜಿನ ನಡುವೆ ಪಿವಿಬಿ ಅನ್ನುವ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಕಾರಿನ ಮುಂದಿನ ಗಾಜಿನಲ್ಲಿ ಇರುವಂಥದ್ದೇ. ಅದು ಕಂಪನವನ್ನು ನುಂಗುತ್ತದೆ. ನೇರಳಾತೀತ ಕಿರಣವನ್ನೂ ನೂರಕ್ಕೆ 99ರಷ್ಟು ತಡೆಯುತ್ತದೆ, ಸೋಫಾ ಬಟ್ಟೆ ಬೇಗ ಬಣ್ಣಗೆಡುವುದಿಲ್ಲ. ಎರಡೂ ಒಂದೇ ದಪ್ಪದ ಡಬಲ್ ಗ್ಲಾಸ್ ಲಾರಿಯ ಗುಡುಗಿಗೆ ಅಷ್ಟು ಪ್ರಯೋಜನವಿಲ್ಲ. ಡಬಲ್ ಹಾಕುವುದಾದರೆ ಎರಡು ಗಾಜಿನ ದಪ್ಪ ಬೇರೆ ಬೇರೆ ಇರಲಿ. ಎಲ್ಲಕ್ಕಿಂತ ಮೊದಲು ಸ್ಲೈಡಿಂಗ್ ಕಿಟಕಿಯ ಸಂದಿ ಮುಚ್ಚಿಸಿ. ಸಂದಿ ಇರುವ ತನಕ ಯಾವ ಗಾಜು ಹಾಕಿದರೂ ಶಬ್ದ ಬಂದೇ ಬರುತ್ತದೆ.

ಶಶಿ_ಹೊಸಮನೆ (ಬೆಂಗಳೂರು)

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಂಬರ್ ಕೇಳಿದ ಮೇಲೆ ಅಂಗಡಿಯವರ ಮಾತೇ ಬದಲಾಯಿತು. "ಎಸಿನೇ ಬೇಡ" ಅಂದವರು ಡೇಟಾ ಶೀಟ್ ಕೊಡಲಿಲ್ಲ, ಅವರನ್ನು ಬಿಟ್ಟೆ. ಉಳಿದವರಿಂದ ಮೂರು ಬಗೆ ಬಂದಿದೆ.

ಒಂದನೆಯದು ಡಬಲ್ ಲೋ-ಇ, ವಿಎಲ್‌ಟಿ 62, ಎಸ್‌ಎಚ್‌ಜಿಸಿ 0.54, ಯು 1.8. ಎರಡನೆಯದೂ ಡಬಲ್, ವಿಎಲ್‌ಟಿ 44, ಎಸ್‌ಎಚ್‌ಜಿಸಿ 0.29, ಯು 1.7. ಮೂರನೆಯದು ಒಂಟಿ ಸೋಲಾರ್ ಕಂಟ್ರೋಲ್ ಗಾಜು, ವಿಎಲ್‌ಟಿ 38, ಎಸ್‌ಎಚ್‌ಜಿಸಿ 0.45, ಯು 5.6. ಎರಡನೆಯದೇ ದುಬಾರಿ. ಮೂರನೆಯದು ಅದರ ಅರ್ಧಕ್ಕಿಂತ ಕಡಿಮೆ.

ಮೂರರಿಂದ ಆರು ಗಂಟೆ ಕಿಟಕಿ ಮುಚ್ಚಿಯೇ ಇರುತ್ತದೆ. ರಸ್ತೆ ಧೂಳು ಬಹಳ, ಮಾವನವರಿಗೆ ಉಬ್ಬಸ ಇದೆ. ಸಂಜೆ ಏಳರ ನಂತರ ತೆಗೆಯುತ್ತೇವೆ. 44 ಬೆಳಕು ಅಂದರೆ ಕತ್ತಲೆ ಆಗುತ್ತದಾ?

ನಕ್ಷೆಮನೆ (ಮೈಸೂರು)

ಹಾಗಾದರೆ ಎರಡನೆಯದು. ಮಾವನವರ ಉಬ್ಬಸಕ್ಕೆ ಧೂಳು ಬರದ ಕಿಟಕಿ ಬೇಕೇ ಬೇಕು. ಮುಚ್ಚಿದ ಕಿಟಕಿ ತಂಪಾಗಿಯೂ ಇರಬೇಕು. ನಿಮ್ಮ ಸ್ಥಿತಿಯಲ್ಲಿ ಗಾಜಿಗೆ ಹಾಕುವ ದುಡ್ಡು ದಂಡವಲ್ಲ.

ವಿಎಲ್‌ಟಿಯನ್ನು ಎಸ್‌ಎಚ್‌ಜಿಸಿಯಿಂದ ಭಾಗಿಸಿ ನೋಡಿ. ಮೊದಲನೆಯದಕ್ಕೆ 0.62 ಭಾಗಿಸು 0.54, ಅಂದರೆ 1.15. ಎರಡನೆಯದಕ್ಕೆ 1.5. ಮೂರನೆಯದಕ್ಕೆ 0.84. ಈ ಸಂಖ್ಯೆ ಜಾಸ್ತಿ ಇದ್ದಷ್ಟೂ ಅದೇ ಶಾಖಕ್ಕೆ ಹೆಚ್ಚು ಬೆಳಕು ಸಿಗುತ್ತದೆ. ಎರಡನೆಯ ಗಾಜು ನಿಜವಾಗಿ ಬೆಳಕು, ಶಾಖ ಎರಡನ್ನೂ ಬೇರೆ ಮಾಡುತ್ತಿದೆ. ಮೂರನೆಯದು ಶಾಖದ ಜೊತೆ ಬೆಳಕನ್ನೂ ಕಳೆಯುತ್ತಿದೆ.

48 ಚದರ ಅಡಿ ಕಿಟಕಿಗೆ 44 ಧಾರಾಳ. ಸಂಹಿತೆ ಕೇಳುವ ಕನಿಷ್ಠ ವಿಎಲ್‌ಟಿ 27, ಅದೂ ಗಾಜು ಕಡಿಮೆ ಇರುವ ಮನೆಗೆ. ಸಂಜೆ ಕಣ್ಣು ಕುಕ್ಕುವ ಬಿಸಿಲಿಗೆ ಮಗಳಿಗೆ 44 ಇನ್ನೂ ಹಿತವಾಗಿಯೇ ಇರುತ್ತದೆ. ಬಜೆಟ್ ಬಿಗಿಯಾದರೆ ಒಂದು ಮಾತು: ಕಿಟಕಿಯ ಅಳತೆಯನ್ನೇ 6×5 ಮಾಡಿ, ಇನ್ನೂ ಪ್ಲಾಸ್ಟರಿಂಗ್ ಹಂತ ತಾನೇ. ಗಾಜು 48ರಿಂದ 30 ಚದರ ಅಡಿಗೆ ಇಳಿಯುತ್ತದೆ, ಶಾಖವೂ ದುಡ್ಡೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಉಳಿದದ್ದನ್ನು ಬಿಸಿಲೂರು ಸರ್ ಹೇಳಿದ ಮಾಳಿಗೆಗೆ ಹಾಕಿ. ಅವರು ಹೇಳಿದ್ದು ಪೂರ್ತಿ ಸರಿ.

ಗಾಜಿನ_ಕೆಲಸದವ (ಹುಬ್ಬಳ್ಳಿ)

ಆರ್ಡರ್ ಕೊಡುವಾಗ ಕಾಗದದ ಮೇಲೆ ಬರೆಸಿ: ಲೇಪನ ಎರಡನೇ ಮೈಯಲ್ಲಿ ಇರಬೇಕು. ಹೊರಗಿನಿಂದ ಎಣಿಸಿದರೆ ಹೊರ ಗಾಜಿನ ಹೊರಮೈ 1, ಅದರ ಒಳಮೈ 2, ಒಳ ಗಾಜಿನ ನಡುವಿನ ಕಡೆಯ ಮೈ 3, ರೂಮಿನ ಕಡೆಯದು 4. ನಮ್ಮ ಬಿಸಿಲಿಗೆ 2. ಜೋಡಿಸುವಾಗ ಹುಡುಗರು ಉಲ್ಟಾ ಕೂರಿಸಿದರೆ ಲೇಪನ 3ಕ್ಕೆ ಹೋಗುತ್ತದೆ, ತಡೆಯುವ ಶಾಖ ಕಡಿಮೆಯಾಗುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆ ಸುಲಭ. ಕತ್ತಲಾದ ಮೇಲೆ ಕಿಟಕಿಯ ಹೊರಗೆ ನಿಂತು ಲೈಟರ್ ಹಚ್ಚಿ ಗಾಜಿನ ಹತ್ತಿರ ಹಿಡಿಯಿರಿ. ಸ್ವಲ್ಪ ಓರೆಯಿಂದ ನೋಡಿ. ನಾಲ್ಕು ಜ್ವಾಲೆ ಕಾಣುತ್ತವೆ, ಎರಡೆರಡು ಜೋಡಿಯಾಗಿ. ಮೂರು ಒಂದೇ ಬಣ್ಣ ಇರುತ್ತವೆ, ಒಂದು ಮಾತ್ರ ಬೇರೆ ಬಣ್ಣಕ್ಕೆ ತಿರುಗಿರುತ್ತದೆ. ನಿಮ್ಮ ಕಡೆಯಿಂದ ಎರಡನೆಯದು ಬೇರೆ ಬಣ್ಣ ಇದ್ದರೆ ಸರಿಯಾಗಿದೆ. ನಾಲ್ಕೂ ಒಂದೇ ಬಣ್ಣವಾದರೆ ಅದರಲ್ಲಿ ಲೇಪನವೇ ಇಲ್ಲ, ಸಾದಾ ಗಾಜು ಕೊಟ್ಟಿದ್ದಾರೆ ಅಂತ ಅನುಮಾನ ಪಡಿ.

ತೂಕ ನೋಡಿಕೊಳ್ಳಿ. ಗಾಜಿಗೆ ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 2.5 ಕೆ.ಜಿ. 6+6 ಮಿ.ಮೀ. ಡಬಲ್ ಅಂದರೆ ಚದರ ಮೀಟರಿಗೆ 30 ಕೆ.ಜಿ. ನಾಲ್ಕಡಿ ಆರಡಿಯ ಒಂದು ಸ್ಲೈಡಿಂಗ್ ಬಾಗಿಲಿಗೆ 67 ಕೆ.ಜಿ. ಬರೀ ಗಾಜೇ ಆಗುತ್ತದೆ. ಒಂಟಿ ಗಾಜಿನ ರೋಲರ್ ಇದನ್ನು ತಡೆಯುವುದಿಲ್ಲ, ಒಂದೆರಡು ವರ್ಷಕ್ಕೆ ಎಳೆಯಲು ಆಗದ ಹಾಗಾಗುತ್ತದೆ. ರೋಲರ್ ಎಷ್ಟು ಭಾರ ಹೊರುತ್ತದೆ ಅಂತ ಕೇಳಿ. ಮಾಮೂಲಿ ಅಲ್ಯೂಮಿನಿಯಂ ಫ್ರೇಮ್ ಶಾಖವನ್ನು ಸೀದಾ ಒಳಗೆ ತರುತ್ತದೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್), ಅಥವಾ ನಡುವೆ ಥರ್ಮಲ್ ಬ್ರೇಕ್ (ಶಾಖ ದಾಟದ ಪಟ್ಟಿ) ಇರುವ ಅಲ್ಯೂಮಿನಿಯಂ ಒಳ್ಳೆಯದು.

ಟಫನ್ ಆದ ಮೇಲೆ ಗಾಜನ್ನು ಕತ್ತರಿಸಲು ಆಗುವುದಿಲ್ಲ. ಹಾಗಾಗಿ ಪ್ಲಾಸ್ಟರಿಂಗ್ ಮುಗಿದು ಫ್ರೇಮ್ ಕೂತ ಮೇಲೇ ಅಳತೆ ಕೊಡಿ. ಗಾಜು ಕೂರಿಸಿದ ಮೇಲೆ ಹತ್ತಿರ ಸಿಮೆಂಟ್ ಕೆಲಸ ಮಾಡಿಸಬೇಡಿ. ಸಿಮೆಂಟ್ ನೀರು ಗಾಜಿನ ಮೇಲೆ ಒಣಗಿದರೆ ಗಾಜನ್ನೇ ತಿನ್ನುತ್ತದೆ, ಆ ಕಲೆ ಹೋಗುವುದಿಲ್ಲ. ಟೈಲ್ಸ್ ತೊಳೆಯುವ ಆ್ಯಸಿಡ್ ಕೂಡ ಹತ್ತಿರ ಸುಳಿಯಬಾರದು.

ಚೆನ್ನೈ ಕಡೆ ಸೀಲ್ ಆಗಿ ಬಂದ ಗಾಜು ಬೆಂಗಳೂರಿನಲ್ಲಿ ಸ್ವಲ್ಪ ಉಬ್ಬಿದ ಹಾಗೆ ಕಾಣಬಹುದು. ಸಮುದ್ರ ಮಟ್ಟದ ಗಾಳಿ ಒಳಗೆ ಸಿಕ್ಕಿಕೊಂಡಿದೆ, ನಿಮ್ಮೂರು 900 ಮೀಟರ್ ಎತ್ತರದಲ್ಲಿದೆ, ಅಷ್ಟೇ ಕಾರಣ. ಪ್ರತಿಬಿಂಬ ಸೊಟ್ಟಗೆ ಕಂಡರೆ ಹೆದರಬೇಡಿ. ಸಾಧ್ಯವಾದರೆ ಬೆಂಗಳೂರಿನಲ್ಲೇ ಸೀಲ್ ಮಾಡುವವರ ಹತ್ತಿರ ಮಾಡಿಸಿ.

ಏಳನೇ_ಮಹಡಿ (ಬೆಂಗಳೂರು)

ಒಂದು ಮಾತು ಸೇರಿಸುತ್ತೇನೆ. ನಮ್ಮ ಆಫೀಸಿನಲ್ಲಿ ಇಂಥ ಗಾಜು ಇದೆ, ಒಳಗೆ ಮೊಬೈಲ್ ಸಿಗ್ನಲ್ ಬಹಳ ಕಡಿಮೆ. ಮನೆಯಲ್ಲೂ ಹಾಗೇ ಆಗುತ್ತದಾ?

ಗಾಜಿನ_ಕೆಲಸದವ (ಹುಬ್ಬಳ್ಳಿ)

ಬೆಳ್ಳಿ ಲೋಹ ತಾನೇ, ರೇಡಿಯೋ ಅಲೆಯನ್ನೂ ತಡೆಯುತ್ತದೆ. ಆಫೀಸಿನಲ್ಲಿ ಸುತ್ತ ಎಲ್ಲ ಅದೇ ಗಾಜು. ಶಶಿ ಮೇಡಂ ಮನೆಯಲ್ಲಿ ಒಂದೇ ಕಿಟಕಿ, ಉಳಿದ ಕಿಟಕಿಗಳಿಂದ ಸಿಗ್ನಲ್ ಬರುತ್ತದೆ. ತೊಂದರೆ ಕಾಣದು.

ಶಶಿ_ಹೊಸಮನೆ (ಬೆಂಗಳೂರು)

ಮನೆಯಲ್ಲಿ ಮಾತಾಡಿದೆವು. ಕಿಟಕಿ 6×5 ಮಾಡುತ್ತಿದ್ದೇವೆ, ಎರಡನೆಯ ಗಾಜು, ಬಾಗಿಲಿನ ಹಾಗೆ ತೆರೆಯುವ ಯುಪಿವಿಸಿ. ಉಳಿದ ಕಿಟಕಿಗಳಿಗೆ ಸಾದಾ ಗಾಜು. ಮಾಳಿಗೆಗೆ ಬಿಳಿ ಟೈಲ್ಸ್. ಮಾವನವರೇ ಲೈಟರ್ ಪರೀಕ್ಷೆ ಮಾಡುತ್ತೇನೆ ಅಂತ ಹೇಳಿದ್ದಾರೆ. ನಕ್ಷೆಮನೆ ಸರ್, ಹುಬ್ಬಳ್ಳಿ ಸರ್, ನಿಮ್ಮ ಸಮಯಕ್ಕೆ ಮನಸಾರೆ ಧನ್ಯವಾದ.

ಮಲೆನಾಡ_ಹೆಂಚು (ಸಾಗರ)

ಇದೇ ಚರ್ಚೆಯಲ್ಲಿ ಕೇಳಿಬಿಡುತ್ತೇನೆ. ಹಳೆ ಮನೆಯಲ್ಲಿ ಗಾಜಿನ ಹೆಂಚು ಇತ್ತು, ಹೊಸ ಆರ್‌ಸಿಸಿ ಮನೆಯಲ್ಲಿ ಮೆಟ್ಟಿಲಿನ ಮೇಲೆ ಮೂರಡಿ ಮೂರಡಿ ಸ್ಕೈಲೈಟ್ ಬಿಟ್ಟಿದ್ದೇವೆ. ಅದಕ್ಕೆ ಯಾವ ಗಾಜು?

ನಕ್ಷೆಮನೆ (ಮೈಸೂರು)

ಕಿಟಕಿಗಿಂತ ಜಾಸ್ತಿ ಬಿಸಿಲು ಬೀಳುವ ಜಾಗ ಅದು. ಏಪ್ರಿಲ್ ಮಧ್ಯಾಹ್ನ ಚದರ ಮೀಟರಿಗೆ 1,000 ವಾಟ್ ಹತ್ತಿರ. ಒಂಬತ್ತು ಚದರ ಅಡಿಗೆ ಸಾದಾ ಗಾಜಾದರೆ ಸುಮಾರು 680 ವಾಟ್ ಒಳಗೆ ಬರುತ್ತದೆ, 0.30 ಆದರೆ 250. ನೆಟ್ಟಗೆ ಬೀಳುವ ಬೆಳಕಿಗೆ ವಿಎಲ್‌ಟಿ 30 ಇದ್ದರೂ ಮೆಟ್ಟಿಲು ಬೆಳಗುತ್ತದೆ.

ತಲೆಯ ಮೇಲಿರುವ ಗಾಜು, ಆದ್ದರಿಂದ ಒಳಗಡೆಯದು ಲ್ಯಾಮಿನೇಟೆಡ್ ಇರಲೇಬೇಕು. ಒಡೆದರೂ ಚೂರು ಹಾಳೆಗೆ ಅಂಟಿಕೊಂಡಿರುತ್ತದೆ. ಬರೀ ಟಫನ್ಡ್ ಹಾಕಿದರೆ ಒಡೆದಾಗ ರಾಶಿಯಾಗಿ ಮೆಟ್ಟಿಲಿಗೆ ಸುರಿಯುತ್ತದೆ. ಹೊರಗಿನದು ಟಫನ್ಡ್, ಅದರ ಎರಡನೇ ಮೈಗೆ ಲೇಪನ. ಸಾಗರದ ಮಳೆಗೆ ಸುತ್ತ ಕಾಂಕ್ರೀಟಿನಲ್ಲಿ ಕನಿಷ್ಠ ಅರ್ಧ ಅಡಿ ಎತ್ತರದ ಕಟ್ಟೆ ಕಟ್ಟಿಸಿ, ಗಾಜನ್ನು ಒಂದು ಕಡೆಗೆ ಓರೆಯಾಗಿ ಕೂರಿಸಿ, ಅಂಚು ಕಟ್ಟೆಯಿಂದ ಹೊರಗೆ ಚಾಚಿರಲಿ. ಕಟ್ಟೆಯ ಪಕ್ಕಕ್ಕೆ ಜಾಲರಿ ಹಾಕಿದ ಕಿಂಡಿ ಬಿಟ್ಟರೆ ಮೇಲೆ ಸೇರುವ ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಆ ಕಿಂಡಿ ಮಳೆಗಾಳಿ ಹೊಡೆಯದ ದಿಕ್ಕಿಗೆ ಇರಲಿ, ನಿಮ್ಮಲ್ಲಿ ಅದು ಪೂರ್ವ.